ಪಕ್ಕಕ್ಕೆ ಸರಿಯುವ ವಿದ್ಯೆ

ಕಾರವಾರದ ಒಂದು ಹಳೇ ಗೋದಾಮಿನಲ್ಲಿ ನಾನು ಹೊಡೆದಾಟ ಕಲಿತೆ. ಕರಾಟೆಯ ಒದೆ, ಬಾಕ್ಸಿಂಗಿನ ಗುದ್ದು, ಜೂಡೋದ ಹಿಡಿತ, ಕುಸ್ತಿಯ ಪಟ್ಟು, ಎಲ್ಲ ಸೇರಿಸಿ ಮಾಡಿದ ಹೊಸ ಕಾಲದ ಕಲೆ ಅದು. “ಇದೆಂತಾ ಮಿಕ್ಸ್ಚರ್ ಮಾರಾಯ್ತಿ” ಎಂದು ಆಯಿ ನಗಾಡುತ್ತಿದ್ದಳು. ನಗಲಿ. ಸಂಜೆಯ ಆ ಕ್ಲಾಸು ಬಿಟ್ಟರೆ ನನಗೆ ಉಸಿರಾಡಲು ಬೇರೆ ಜಾಗವೇ ಇರಲಿಲ್ಲ.

ಚೆಂಡಿಯಾದ ನಮ್ಮ ಮನೆ, ಗದ್ದೆ ಸರ್ಕಾರದ ನೌಕಾನೆಲೆಯ ಪಾಲಾದ ಮೇಲೆ ನಾವು ಪುನರ್ವಸತಿ ಕಾಲೊನಿಗೆ ಬಂದಿದ್ದೆವು. ಗೋಡೆಗೆ ಗೋಡೆ, ಪಕ್ಕದವರು ಬಂಗಡೆ ಮೀನು ಹುರಿದರೆ ನಮ್ಮ ಚಾದರಕ್ಕೂ ವಾಸನೆ. ಅಪ್ಪ ಎಲ್ಲಿಗೂ ಹೋಗದೆ ಜಗಲಿಯಲ್ಲಿ ಕೂತುಬಿಟ್ಟಿದ್ದ. ನಾನು ಕಣ್ಣೆದುರು ಇದ್ದರೆ ಮಾತ್ರ ಅವನ ಗಂಟಲಲ್ಲಿ ಅನ್ನ ಇಳಿಯುತ್ತಿತ್ತು. ಪ್ರೀತಿಯೇ, ಇಲ್ಲ ಅನ್ನುವುದಿಲ್ಲ. ಆದರೆ ನನಗೆ ಉಸಿರು ಕಟ್ಟುತ್ತಿತ್ತು.

ಆಗ ಅಂಕೋಲೆಯ ಒಂದು ಹೆಣ್ಣುಮಕ್ಕಳ ವಸತಿಶಾಲೆಯಲ್ಲಿ ಈ ವಿದ್ಯೆ ಕಲಿಸುವ ಕೆಲಸ ಸಿಕ್ಕಿತು. ಅಲ್ಲೇ ಉಳಿಯಬೇಕು. ಅಪ್ಪನನ್ನು ಒಪ್ಪಿಸಬೇಕಲ್ಲ, ಜಾಣತನ ಮಾಡಲು ಹೋಗಿ ನಮ್ಮ ಗುರುಗಳ ತತ್ವವನ್ನೇ ಮುಂದಿಟ್ಟೆ.

“ನಮ್ಮ ವಿದ್ಯೆಯಲ್ಲಿ ಹಠ ಇಲ್ಲ ಅಪ್ಪಾ. ಯಾವ ಪಟ್ಟು ಕೆಲಸಕ್ಕೆ ಬರ್ತದೋ ಅದನ್ನ ಇಟ್ಕಣೂದು, ಉಳಿದದ್ದು ಬಿಡೂದು. ದೊಡ್ಡ ಬಲ ಎದುರಿಗೆ ಬಂದ್ರೆ ಅಡ್ಡ ನಿಲ್ಲೂದಲ್ಲ, ಪಕ್ಕಕ್ಕೆ ಸರಿಯೂದು. ಜಾಗ ಬಿಟ್ಟವ ಸೋತವ ಅಲ್ಲ.”

ಅಯ್ಯೋ ನನ್ನ ನಾಲಿಗೆಯೇ! ಯಾರ ಮುಂದೆ ಏನು ಹೇಳಿದೆ!

“ನಾವು ಸರ್ದ್ವಲ್ಲೇ,” ಅಂದ ಅಪ್ಪ. “ದೊಡ್ಡ ಬಲ ಬಂತು, ಪಕ್ಕಕ್ಕೆ ಸರ್ದ್ವು. ನಿನ್ನ ಗುರುವಿನ ಹತ್ರ ಕೇಳು, ಸರ್ದ ಮೇಲೆ ಎಂತಾ ಮಾಡೂದು ಅಂತ.”

ಗುರುಗಳು ಅದನ್ನೂ ಹೇಳಿಕೊಟ್ಟಿದ್ದರು: ಸರಿದ ಮರುಗಳಿಗೆಯೇ ತಿರುಗಿ ಹೊಡೆಯಬೇಕು. ಆದರೆ ಅಪ್ಪ ಯಾರಿಗೆ ಹೊಡೆಯಬೇಕಿತ್ತು? ನನಗೆ ಸಿಟ್ಟು ನೆತ್ತಿಗೇರಿತು. “ನಾ ಹೋಗೂದೇ” ಎಂದು ಎದ್ದೆ. ಅಪ್ಪ ನನ್ನ ಮಣಿಕಟ್ಟು ಹಿಡಿದ. ಗದ್ದೆ ಮಾಡಿದ ಕೈ, ಇಕ್ಕಳದ ಹಾಗೆ ಕೂತಿತು.

“ಬಿಡಿಸ್ಕ ನೋಡ್ವಾ, ನೀ ಎಂತಾ ಕಲ್ತಿದ್ದೆ.”

ಬಿಡಿಸಿಕೊಳ್ಳುವುದು ಸುಲಭ. ಎಂಥ ಹಿಡಿತವಾದರೂ ಹೆಬ್ಬೆರಳ ಕಡೆ ಸಡಿಲ. ಆ ಕಡೆಗೆ ಕೈ ತಿರುಗಿಸಿ ಎಳೆದರೆ ಸಾಕು. ಗೋದಾಮಿನಲ್ಲಿ ನನಗಿಂತ ದಪ್ಪ ಗಂಡಸರಿಂದ ಬಿಡಿಸಿಕೊಂಡಿದ್ದೆ. ಇನ್ನೇನು ತಿರುಗಿಸಬೇಕು, ಅಷ್ಟರಲ್ಲಿ ಅಪ್ಪ ತಾನೇ ಹೆಬ್ಬೆರಳು ಎತ್ತಿದ.

“ಹೋಗು ಮಗಾ,” ಅಂದ. “ಬಿಟ್ಟು ನಮಗೆ ರೂಢಿ ಅದೆ.”

ಅವನು ಬಿಡದೆ ಹಿಡಿದೇ ಇದ್ದಿದ್ದರೆ ನಾನು ಖಂಡಿತ ಹೋಗುತ್ತಿದ್ದೆ. ಮರುದಿನ ಪೇಟೆಯ ಬೂತಿನಿಂದ ಅಂಕೋಲೆಗೆ ಫೋನು ಮಾಡಿ, ಬರುವುದಿಲ್ಲ ಎಂದು ಹೇಳಿದೆ.