ದೊಡ್ಡಪ್ಪ ಆರಿಸಿದ ಬೆಂಜೊ

ಮೊದಲು ಬೆಂಜೊ ಅಂದರೆ ಏನೆಂದು ಹೇಳಿಬಿಡುತ್ತೇನೆ. ಈಗಿನ ಹುಡುಗರಿಗೆ ಗಿಟಾರ್ ಬಿಟ್ಟರೆ ಬೇರೆ ತಂತಿವಾದ್ಯ ಕಣ್ಣಿಗೆ ಬೀಳುವುದಿಲ್ಲ. ಮೊಳಕ್ಕಿಂತ ತುಸು ಉದ್ದದ ಕಟ್ಟಿಗೆಯ ಪೆಟ್ಟಿಗೆ, ಅದರ ಮೇಲೆ ಉಕ್ಕಿನ ತಂತಿ, ತಂತಿಯ ಮೇಲೆ ಟೈಪ್ ಮಷೀನಿನಲ್ಲಿರುವಂಥ ಗುಂಡಿಗಳ ಸಾಲು. ಎಡಗೈಯಿಂದ ಗುಂಡಿ ಒತ್ತಬೇಕು, ಬಲಗೈಯಲ್ಲಿ ಸಣ್ಣ ಚಕ್ಕೆ ಹಿಡಿದು ತಂತಿ ಮೀಟಬೇಕು. ಹೈದರಾಬಾದಿನ ಕಡೆ ಇದಕ್ಕೆ ಬುಲ್‌ಬುಲ್ ತರಂಗ್ ಅನ್ನುತ್ತಿದ್ದರು. ಢೋಲಕ್ ಎಷ್ಟೇ ಜೋರಾಗಿ ಬಾರಿಸಿದರೂ ಅದರ ಮೇಲೆದ್ದು ಕೇಳಿಸುವ ವಾದ್ಯ ಅದು. ಮನೆಯ ಹಿರಿಯರಿಗೆ ತಲೆನೋವು, ಹುಡುಗರಿಗೆ ಹುಚ್ಚು. ನನಗೂ ಹಿಡಿದಿತ್ತು.

ನಮ್ಮದು ಯೆಣೆಗೂರಿನಲ್ಲಿ ಒಕ್ಕಲುತನದ ಮನೆ. ಹೈದರಾಬಾದಿನ ರಸ್ತೆಗೆ ಹತ್ತಿದಂತೆ ಒಂದು ಚಹಾದ ಹೋಟೆಲಿತ್ತು, ಅದರ ಮಾಲೀಕ ಗೋಡೆಗೆ ಒಂದು ಬೆಂಜೊ ತೂಗುಹಾಕಿದ್ದ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಇಳಿಸಿ ನನ್ನ ಕೈಗೆ ಕೊಡುತ್ತಿದ್ದ. ಶಾಲೆಯಲ್ಲಿ ಕಲಿತದ್ದಕ್ಕಿಂತ ಹೆಚ್ಚು ಅಲ್ಲಿ ಕಲಿತೆ. ಪೊಲೀಸ್ ಆಕ್ಷನ್ ಆಗಿ ನಿಜಾಮರ ಆಳ್ವಿಕೆ ಮುಗಿದಮೇಲೆ ಅವನು ಹೋಟೆಲು ಮುಚ್ಚಿ ಹೈದರಾಬಾದಿಗೆ ಹೊರಟುಹೋದ, ಬೆಂಜೊ ಅವನ ಜೊತೆ ಹೋಯಿತು. ಆಮೇಲೆ ಎಷ್ಟೋ ವರ್ಷ ನಾನು ಮಣೆಯ ಮೇಲೆ ಬೆರಳು ಬಡಿದುಕೊಂಡೇ ಕಾಲ ಕಳೆದೆ. ಅವ್ವ ರೊಟ್ಟಿ ಬಡಿಯುತ್ತ, "ಏ ಖೋಡಿ, ನಾ ರೊಟ್ಟಿ ಬಡೀಲೋ, ನಿನ್ನ ತಲಿ ಬಡೀಲೋ?" ಅನ್ನುತ್ತಿದ್ದಳು.

ಶಾಲೆಯ ಕಥೆಯೂ ಮುಗಿದಿತ್ತು. ಉರ್ದುವಿನಲ್ಲಿ ಓದಿಕೊಂಡು ಬಂದವನಿಗೆ ಒಮ್ಮೆಲೇ ಮರಾಠಿ ಪುಸ್ತಕ ಕೈಗಿತ್ತರು, ಎರಡು ಸಲ ನಪಾಸಾದೆ. ಬಜಾರಿನಲ್ಲಿ ಮರಾಠಿ ಆಡುತ್ತಿದ್ದೆ, ಪರೀಕ್ಷೆಯಲ್ಲಿ ಬರೆಯಲಿಕ್ಕೆ ಬರಲಿಲ್ಲ. ಹೊಲಕ್ಕೆ ಅಣ್ಣಂದಿರಿಬ್ಬರು ಸಾಕಾಗಿದ್ದರು. ಹತ್ತೊಂಬತ್ತು ವರ್ಷದ ನಾನು ಮನೆಯಲ್ಲಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ಊಟಕ್ಕೆ ಕೂತಾಗ ನನಗೆ ತಿಳಿಯುತ್ತಿತ್ತು.

ಹೀಗಿರುವಾಗ ನಮ್ಮ ತಾಲೂಕಿನ ಊರಾದ ಉಮರ್ಗಾದ ಒಂದು ಮದುವೆಗೆ ನಿಲಂಗಾದ ಹಾಡಿನ ಪಾರ್ಟಿ ಬಂತು. ಸಿನಿಮಾದ ಹಾಡು, ಕುಣಿತದ ಹಾಡು, ಕೇಳಿದವರ ಕಾಲು ನೆಲದ ಮೇಲೆ ನಿಲ್ಲಬಾರದು, ಅಂಥ ಪಾರ್ಟಿ. ಅದರ ಮಾಸ್ತರು ಬೀದರ ಕಡೆಯವರು, ಹಾರ್ಮೋನಿಯಂ ಬಾರಿಸುತ್ತಿದ್ದರು. ಎಲ್ಲರೂ ಚಹಾ ಕುಡಿಯಲು ಎದ್ದಾಗ ನಾನು ನಾಚಿಕೆ ಬಿಟ್ಟು ಪಾರ್ಟಿಯ ಬೆಂಜೊ ತೊಡೆಯ ಮೇಲಿಟ್ಟುಕೊಂಡು ಅರ್ಧ ಹಾಡು ಬಾರಿಸಿದೆ. ಬಯ್ಯುತ್ತಾರೆ ಅಂದುಕೊಂಡಿದ್ದೆ. ಮಾಸ್ತರು ಚಹಾದ ಕಪ್ಪನ್ನು ಕೈಯಲ್ಲಿ ಹಿಡಿದೇ ಬಂದು ಎದುರಿಗೆ ಕೂತರು.

"ಕೈ ಚಲೋ ಓಡ್ತದ ನಿಂದು," ಅಂದರು. "ಆದರ ಕೈ ಯಾರಿಗರೆ ಕಲಿಸಬಹುದು. ಕಿವಿ ಹ್ಯಾಂಗದ ನೋಡಬೇಕು. ನಮ್ಮ ಬೆಂಜೊದಂವಾ ಪಾರ್ಟಿ ಬಿಡಲಾಕತ್ಯಾನ. ನೀ ಉದಗೀರಕ್ಕ ಹೋಗಿ ಒಂದು ಬೆಂಜೊ ತಗೊಂಡು ನನ್ನ ಹಂತ್ಯಾಕ ಬಾ. ದುಬಾರಿದು ಬ್ಯಾಡ. ನೀನೇ ಆರಿಸಬೇಕು ಮತ್ತ. ಯಾವುದು ಆರಿಸ್ತಿ, ಅದರ ಮ್ಯಾಲೇ ನಿನ್ನ ಕಿವಿ ಎಂಥಾದ್ದು ಅಂತ ನನಗ ಗೊತ್ತಾಗ್ತದ."

ಆ ದಿನ ಉಮರ್ಗಾದಿಂದ ಯೆಣೆಗೂರಿಗೆ ಹೇಗೆ ಬಂದೆನೋ ನೆನಪಿಲ್ಲ. ಹುಟ್ಟಿದಾಗಿನಿಂದ ನನಗೆ ಯಾರಾದರೂ ಚಲೋ ಅಂದದ್ದು ಅದೇ ಮೊದಲು.

ಮನೆಯಲ್ಲಿ ಎಲ್ಲವನ್ನೂ ಹೇಳಿದೆ. ನೀನೇ ಆರಿಸಬೇಕು ಅಂದ ಮಾತನ್ನೂ ಹೇಳಿದೆ, ಆದರೆ ಅದು ಯಾರ ಕಿವಿಗೂ ಬೀಳಲಿಲ್ಲ. ನಮ್ಮ ಮನೆಯಲ್ಲಿ ಒಂದು ಹಗ್ಗ ತರುವುದಿದ್ದರೂ ಹಿರಿಯರು ಹೋಗಿ ಎಳೆದು ನೋಡಿ ತರಬೇಕು. ಮನೆಯ ಯಜಮಾನರು ದೊಡ್ಡಪ್ಪ. ಅವರಿಗೆ ಎತ್ತಿನ ಪರೀಕ್ಷೆ ಗೊತ್ತಿತ್ತು. ಬರೀ ಗೊತ್ತಿತ್ತು ಅಂದರೆ ಸಾಲದು, ಸುತ್ತಿನ ಹತ್ತು ಊರಿನವರು ಉದಗೀರದ ದನದ ಪೇಟೆಗೆ ಹೋಗುವಾಗ ಅವರನ್ನು ಗಾಡಿ ಕಟ್ಟಿಕೊಂಡು ಕರೆದೊಯ್ಯುತ್ತಿದ್ದರು. ಹಲ್ಲು ನೋಡುವರು, ಗೊರಸು ನೋಡುವರು, ಮೈಮೇಲಿನ ಕೂದಲಿನ ಸುಳಿ ಎಲ್ಲೆಲ್ಲಿ ಬಿದ್ದಿದೆ ಅಂತ ನೋಡುವರು. ಕೆಟ್ಟ ಸುಳಿಯ ಎತ್ತು ಅಂತ ಅವರು ತಲೆಯಾಡಿಸಿದರೆ ಆ ಎತ್ತನ್ನು ಆ ದಿನ ಪೇಟೆಯಲ್ಲಿ ಯಾರೂ ಮುಟ್ಟುತ್ತಿರಲಿಲ್ಲ.

"ಹಾಡಿನ ಪಾರ್ಟಿ ಅಂದ್ರ ನಮ್ಮ ಮನ್ಯಾಗ ಯಾರೂ ಹೋಗಿಲ್ಲ," ಅಂದರು. "ಹೋಗ್ಲಿ. ಅಂವಾ ಹೊಲದಾಗರೆ ಏನು ಮಾಡ್ತಾನ. ಆದರ ಹುಡುಗರ ಕೈಯಾಗ ರೊಕ್ಕ ಕೊಟ್ಟು ಉದಗೀರಕ್ಕ ಕಳಸೋದು ಬ್ಯಾಡ. ನಾ ಬರ್ತೀನಿ."

ಅವರು ಬಂದದ್ದು ಪ್ರೀತಿಯಿಂದ. ಅದರಲ್ಲಿ ಎರಡು ಮಾತಿಲ್ಲ. ಅದೇ ನನ್ನ ಹಣೆಬರಹಕ್ಕೆ ಅಡ್ಡಬಂತು.

ಉದಗೀರದ ಅಂಗಡಿ ಹಳೆಯ ಬಜಾರಿನಲ್ಲಿತ್ತು. ಅಂಗಡಿಯ ಮುದುಕ ನಿಜಾಮರ ಕಾಲದಿಂದ ವಾದ್ಯ ರಿಪೇರಿ ಮಾಡಿಕೊಂಡು ಬಂದವನು. ನಮ್ಮ ಮುಂದೆ ಎರಡು ಬೆಂಜೊ ಇಟ್ಟ. ಒಂದು ಕೆಂಪು ಪಾಲಿಶ್, ಅಂಚಿಗೆ ಹಿತ್ತಾಳೆ ಪಟ್ಟಿ, ನಡುವೆ ಗುಲಾಬಿ ಹೂವಿನ ಚಿತ್ರ, ಹೊಚ್ಚ ಹೊಸತು. ಇನ್ನೊಂದು ಹಳೆಯದು, ಮಾಸಿದ ಬಣ್ಣ, ಒಂದು ಗುಂಡಿ ಬಿದ್ದುಹೋಗಿ ಅಲ್ಲಿ ಎಲುಬಿನ ಗುಂಡಿ ಕೂರಿಸಿದ್ದರು. ಅದರ ಬೆಲೆ ಹೊಸದರ ಅರ್ಧ.

ನಾನು ಎರಡನ್ನೂ ಬಾರಿಸಿದೆ. ಹೊಸದರಲ್ಲಿ ಕೆಳಗಿನ ಸ್ವರ ಸರಿ ಇದ್ದವು. ಮೇಲೆ ಹೋದಹಾಗೆ ಒಂದೊಂದು ಗುಂಡಿಯ ಸ್ವರವೂ ಚೂರು ಚೂರು ಇಳಿಯುತ್ತಿತ್ತು. ಗುಂಡಿಯ ಕೆಳಗಿನ ಪಟ್ಟಿ ಬಡಿದವನು ಅಳತೆ ತಪ್ಪಿದ್ದ, ಇನ್ನು ತಂತಿ ಎಷ್ಟು ಬಿಗಿದರೂ ಪ್ರಯೋಜನವಿಲ್ಲ. ಹಳೆಯದು ಕೆಳಗಿನಿಂದ ತುದಿಯವರೆಗೆ ಕೂದಲೆಳೆಯಷ್ಟೂ ತಪ್ಪಲಿಲ್ಲ. ದನಿ ಹೇಗಿತ್ತೆಂದರೆ, ಎದುರಿನ ಬಳೆ ಅಂಗಡಿಯ ಹೆಂಗಸು ಗಿರಾಕಿಯ ಕೈ ಬಿಟ್ಟು ಇತ್ತ ನೋಡಿದಳು.

"ಬೇಟಾ, ಇದು ಅಸಲಿ ಮಾಲ್ ಅದ," ಅಂದ ಮುದುಕ, ಹಳೆಯದರ ಮೇಲೆ ಕೈಯಿಟ್ಟು. "ಮ್ಯಾಲಿನ ಸೂರತ್ ನೋಡಬ್ಯಾಡ, ಆವಾಜ್ ಕೇಳು."

ದೊಡ್ಡಪ್ಪ ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡು ಮುಂದೆ ಬಂದು ಕೂತರು. ಹಳೆಯದರ ಗುಂಡಿಗಳನ್ನು ಒಂದು ಕಡೆಯಿಂದ ಎಣಿಸಿದರು.

"ಹಲ್ಲು ಬಿದ್ದದ," ಅಂದರು.

ಆಮೇಲೆ ಅದನ್ನು ಬೆಳಕಿಗೆ ಹಿಡಿದು ತಿರುವಿದರು. ಗುಂಡಿಗಳ ಪಕ್ಕದಲ್ಲಿ ಕಟ್ಟಿಗೆಯ ಮೇಲೆ ಎರಡು ಗಂಟು, ಒಂದರ ಪಕ್ಕ ಒಂದು, ಸುತ್ತಲೂ ಗೆರೆ ಸುತ್ತಿಕೊಂಡು ಹೋಗಿತ್ತು. ದೊಡ್ಡಪ್ಪನ ಮುಖ ಕಪ್ಪಿಟ್ಟಿತು.

"ಜೋಡಿ ಸುಳಿ!" ಅಂದರು. "ಅಯ್ಯ ಶಿವನೆ, ನೋಡಿಲ್ಲೇನೋ ನೀ? ಹಿಂಗ ಸುಳಿ ಇದ್ದದ್ದು ಮನಿಗೆ ಬಂದ್ರ ಯಜಮಾನಗ ಆಗಿಬರಂಗಿಲ್ಲ."

"ದೊಡ್ಡಪ್ಪಾ, ಇದು ಕಟ್ಟಿಗಿ ಅದರಿ," ಅಂದೆ.

"ಕಟ್ಟಿಗಿ ಆದ್ರ? ಗಾಡಿ ನೊಗಾ ಮಾಡಸಬೇಕಾದ್ರ ಕಟ್ಟಿಗಿ ನೋಡಂಗಿಲ್ಲೇನು?" ನನ್ನ ಕಿವಿಯ ಹತ್ತಿರ ಬಾಗಿ ಮೆಲ್ಲಗೆ, "ಮತ್ತ ಈ ಮುದುಕನ ಆಟಾ ನೋಡು. ಕಡಿಮಿ ರೇಟಿಂದು ಹೊಗಳಲಾಕತ್ಯಾನ. ಯಾಕ? ಅದು ಹೋಗವಲ್ದು, ಕೈತೊಳಕೋಬೇಕಾಗ್ಯಾದ ಅವಗ. ಪೇಟ್ಯಾಗ ಇಂಥವರು ರಗಡ ಮಂದಿ ಸಿಗ್ತಾರ ನನಗ," ಅಂದರು.

ಅವರ ಲೆಕ್ಕ ದನದ ಪೇಟೆಯಲ್ಲಿ ನೂರಕ್ಕೆ ನೂರು ಸರಿ. ಅವರು ಟವೆಲ್ಲನ್ನು ಮುದುಕನ ಕೈಮೇಲೆ ಹಾಸಿ, ಅದರ ಕೆಳಗೆ ಅವನ ಬೆರಳು ಹಿಡಿದು ಹೊಸದರ ವ್ಯಾಪಾರ ಶುರುಮಾಡಿದರು. ಎತ್ತಿನ ಬೆಲೆ ನಾಲ್ಕು ಜನರ ಮುಂದೆ ಬಾಯಲ್ಲಿ ಹೇಳುವುದಿಲ್ಲ, ಬೆರಳು ಒತ್ತಿ ತಿಳಿಸುತ್ತಾರೆ. ಮುದುಕನಿಗೆ ಆ ಬೆರಳಿನ ಲೆಕ್ಕ ಬರುತ್ತಿರಲಿಲ್ಲ. "ಅರೆ ಅಪ್ಪಾವ್ರ, ಕಚಗುಳಿ ಇಡಬ್ಯಾಡ್ರಿ, ಬಾಯಿಲೇ ಹೇಳ್ರಿ!" ಅಂತ ನಗುತ್ತ ಕೈ ಕಿತ್ತುಕೊಂಡ. ಅವನು ನಕ್ಕದ್ದು ದೊಡ್ಡಪ್ಪನಿಗೆ ಸಿಟ್ಟು ತರಿಸಿತು. ಮುಂದೆ ಚೌಕಾಶಿಯೇ ಮಾಡದೆ, ಕೇಳಿದಷ್ಟು ಕೊಟ್ಟು, ಮನೆಯ ರೊಕ್ಕ ಸಾಲದ್ದಕ್ಕೆ ತಮ್ಮ ಸೊಂಟದ ಚೀಲ ಬಿಚ್ಚಿ ಕೆಂಪು ಬೆಂಜೊ ಎತ್ತಿಕೊಂಡರು.

"ಅಗ್ಗದ್ದು ನೋಡಿ ಕೊಡಿಸ್ಯಾನ ಅಂತ ನಾಳೆ ಯಾರೂ ಅನಬಾರದು," ಅಂದರು. ಹಣೆಯ ವಿಭೂತಿಯನ್ನು ಬೆರಳಿಗೆ ಹತ್ತಿಸಿಕೊಂಡು ಬೆಂಜೊದ ಮೇಲೆ ಮೂರು ಗೆರೆ ಎಳೆದು ನನ್ನ ಕೈಗಿತ್ತರು.

ಬೇಡ ಅನ್ನಬೇಕಿತ್ತು. ದೊಡ್ಡಪ್ಪಾ, ಇದು ಸುಳ್ಳು ಹೇಳುತ್ತದೆ, ಅದು ಖರೆ ಹೇಳುತ್ತದೆ, ಅಷ್ಟೇ ಸಾಕಿತ್ತು. ಆದರೆ ತಮ್ಮ ಚೀಲ ಬಿಚ್ಚಿದ ಹಿರಿಯರಿಗೆ, ಪರಊರಿನ ಬಜಾರಿನಲ್ಲಿ, ಆ ಮುದುಕನ ಎದುರಿಗೆ, ನಿಮಗೆ ತಿಳಿಯುವುದಿಲ್ಲ ಅನ್ನುವ ಬಾಯಿ ನನಗಿರಲಿಲ್ಲ. ಮುದುಕ ಹಳೆಯ ಬೆಂಜೊವನ್ನು ಗೋಡೆಗೆ ತೂಗುಹಾಕಿ ನನ್ನ ಕಡೆ ಒಂದು ಸಲ ನೋಡಿದ.

ಅಲ್ಲಿಂದ ಬಸ್ಸಿನಲ್ಲಿ ನಿಲಂಗಾಕ್ಕೆ ಹೋಗಿ ಮಠದಲ್ಲಿ ಇಳಿದುಕೊಂಡೆವು. ಮರುದಿನ ಬೆಳಿಗ್ಗೆ ಪ್ರಸಾದ ಮುಗಿಸಿ ಮಾಸ್ತರ ಮನೆಗೆ ಹೋದೆವು. ಅಂಗಳದಲ್ಲಿ ಪಾರ್ಟಿಯವರೆಲ್ಲ ಕೂತಿದ್ದರು, ಐದಾರು ಜನ. ದೊಡ್ಡಪ್ಪ ತಲೆಗೆ ಪಟಗಾ ಸುತ್ತಿಕೊಂಡು ಕಟ್ಟೆಯ ಮೇಲೆ ಗಟ್ಟಿಯಾಗಿ ಕೂತರು. ಬೆಂಜೊದ ಅಂದ ನೋಡಿ ಢೋಲಕಿನವನು ಸಿಳ್ಳು ಹಾಕಿದ. ದೊಡ್ಡಪ್ಪ ಮೀಸೆ ತೀಡಿದರು.

ನಾನು ಮೇಲಿನ ಗುಂಡಿಗಳ ಹತ್ತಿರ ಹೋಗದೆ ಕೆಳಗೆ ಕೆಳಗೇ ಬಾರಿಸಿ ಪಾರಾಗಲು ನೋಡಿದೆ. ಮಾಸ್ತರು ಮೂರ್ಖರಲ್ಲ. ಹಾರ್ಮೋನಿಯಂ ಎಳೆದುಕೊಂಡು ಹಾಡನ್ನು ಮೇಲಕ್ಕೆ ಒಯ್ದರು, ನಾನೂ ಹೋಗಲೇಬೇಕಾಯಿತು. ಎರಡು ಸಾಲು ಮುಗಿಯುವಷ್ಟರಲ್ಲಿ ಕೈಯೆತ್ತಿ ನಿಲ್ಲಿಸಿದರು.

"ಇದನ್ನ ಆರಿಸಿದವರು ಯಾರು?"

ನಾನು ಬೆಂಜೊದ ಹಿತ್ತಾಳೆ ಪಟ್ಟಿಯ ಮೇಲೆ ಬೆರಳು ಆಡಿಸಿದೆ.

"ಖರೆ ಹೇಳು. ಬ್ಯಾರೆ ಯಾರರೆ ಆರಿಸಿದ್ರ ಚಿಂತಿ ಇಲ್ಲ, ವಾಪಸ್ ಹೋಗಿ ಬದಲಿ ಮಾಡ್ಕೊಂಡು ಬಾ, ನಾ ಎಂಟು ದಿನ ದಾರಿ ಕಾಯ್ತೀನಿ. ನೀನೇ ಆರಿಸಿದ್ದಾದ್ರ ಅದನ್ನೂ ಹೇಳು."

ದೊಡ್ಡಪ್ಪ ಮೀಸೆಯ ಮೇಲಿನ ಕೈ ಕೆಳಗಿಳಿಸಿದ್ದರು. ಅಷ್ಟೂ ಜನರ ಕಣ್ಣು ಒಮ್ಮೆ ನನ್ನ ಮೇಲೆ, ಒಮ್ಮೆ ಅವರ ಮೇಲೆ. ಎಂದೂ ಯಾವ ಪೇಟೆಯಲ್ಲೂ ತಪ್ಪು ಆರಿಸಿದ ಅಂತ ಅನ್ನಿಸಿಕೊಂಡವರಲ್ಲ ಅವರು.

"ನಾನೇ ಆರಿಸೀನ್ರಿ," ಅಂದೆ.

"ಅಂಗಡ್ಯಾಗ ಬಾರಿಸಿ ನೋಡಿದ್ಯೋ?"

"ನೋಡಿದ್ನಿರಿ."

"ಮ್ಯಾಲಿನ ಸ್ವರ ಇಳೀಲಾಕತ್ತಾವ ಅಂತ ನಿನಗ ಕೇಳಸಲಿಲ್ಲೇನು?"

ಅದನ್ನೊಂದು ಮಾತ್ರ ನನ್ನ ಬಾಯಿಂದ ಹೇಳಿಸಬಾರದಿತ್ತು. "ಇಲ್ಲರಿ," ಅಂದೆ.

ಮಾಸ್ತರು ಬಯ್ಯಲಿಲ್ಲ. ಬಯ್ದಿದ್ದರೆ ಚಲೋ ಇತ್ತು. "ಹಂಗಾದ್ರ ಆಗಂಗಿಲ್ಲಪಾ," ಅಂದರು. "ಬೆಂಜೊ ಬದಲಿ ಮಾಡಬಹುದು, ಕಿವಿ ಬದಲಿ ಮಾಡಾಕ ಬರಂಗಿಲ್ಲ. ಚಹಾ ಕುಡದು ಹೋಗ್ರಿ." ಚಹಾ ಬಂತು, ಕುಡಿದೆವು, ಎದ್ದೆವು. ಬಸ್ ಸ್ಟ್ಯಾಂಡಿನಲ್ಲಿ ದೊಡ್ಡಪ್ಪ ಎರಡು ಟಿಕೆಟ್ ತೆಗೆಸಿದರು.

ಕಾಸಾರಶಿರಸಿಯಲ್ಲಿ ಬಸ್ಸು ತುಸು ಹೊತ್ತು ನಿಂತಿತು. ಅವರು ಕೆಳಗಿಳಿದು ನನಗೆ ಪೊಟ್ಟಣದಲ್ಲಿ ಹುರಿದ ಪುಟಾಣಿ ತಂದುಕೊಟ್ಟರು, ಸಣ್ಣ ಹುಡುಗನಿಗೆ ಕೊಟ್ಟ ಹಾಗೆ. ನನಗೆ ಅಳು ಬಂತು, ಸಿಟ್ಟೂ ಬಂತು. ಪುಟಾಣಿ ತಿಂದೆ.

ಮನೆ ಮುಟ್ಟುವಷ್ಟರಲ್ಲಿ ಸಂಜೆಯಾಗಿತ್ತು. ಬಾಗಿಲಲ್ಲೇ ಅವ್ವ, "ಏನಾತೋ?" ಅಂದಳು. ನಾನು ಬಾಯಿ ತೆರೆಯುವ ಮೊದಲೇ ದೊಡ್ಡಪ್ಪ ಹೇಳಿದರು: "ಅವರಿಗೆ ಮರಾಠಿ ಮಂದಿ ಬೇಕಾಗ್ಯಾರಂತ. ಕನ್ನಡದಾಂವಾ ಅಂತ ಬ್ಯಾಡ ಅಂದ್ರು."

ಅವ್ವ ನನ್ನ ಕಡೆ ನೋಡಿದಳು. ನಾನು ಹೂಂ ಅಂದೆ.

ಎಲ್ಲರೂ ನಂಬಿದರು. ಆಗ ಆ ಮಾತನ್ನು ಯಾರು ಹೇಳಿದರೂ ಜನ ನಂಬುತ್ತಿದ್ದರು. ನಮ್ಮ ತಾಲೂಕು ಮುಂಬಯಿ ರಾಜ್ಯದ ಕಡೆ ಹೋಯಿತು, ಮಹಾರಾಷ್ಟ್ರ ಆಗುತ್ತದೆ, ನಮ್ಮ ಗತಿಯೇನು ಅಂತ ಕಟ್ಟೆ ಕಟ್ಟೆಯ ಮೇಲೆ ಅದೇ ಮಾತು. ನನ್ನ ಕಥೆ ಯೆಣೆಗೂರಿನಿಂದ ಹೊರಬಿದ್ದು ಉಮರ್ಗಾ ಮುಟ್ಟಿತು. ಅಲ್ಲಿ ಒಂದು ದಿನ ಕನ್ನಡದವರು ಸಭೆ ಕೂಡಿದಾಗ, ನಮಗೆ ಎಲ್ಲೆಲ್ಲಿ ಅನ್ಯಾಯವಾಗಿದೆ ಅಂತ ಒಬ್ಬೊಬ್ಬರೇ ಹೇಳುತ್ತ ಬಂದರು. ನಡುವೆ ಒಬ್ಬ ಹಿರಿಯರು ನನ್ನನ್ನು ಗುರುತಿಸಿ, "ಏ ತಮ್ಮಾ, ಏಳು. ಆ ನಿಲಂಗಾದ ಪಾರ್ಟಿಯವ ಏನಂದ, ಮಂದಿಗೆ ಹೇಳು," ಅಂದರು.

ಆ ಮಾಸ್ತರು ನನ್ನ ಜೊತೆ ಒಂದೇ ಒಂದು ಮರಾಠಿ ಶಬ್ದ ಆಡಿರಲಿಲ್ಲ. ಚಲೋ ಅಂದದ್ದೂ ಕನ್ನಡದಲ್ಲಿ, ಬೇಡ ಅಂದದ್ದೂ ಕನ್ನಡದಲ್ಲಿ. ದೊಡ್ಡಪ್ಪ ನನ್ನ ಪಕ್ಕದಲ್ಲೇ ಕೂತಿದ್ದರು.

ಎದ್ದು ನಿಂತೆ. "ಕನ್ನಡದಾಂವಾ ಅಂತ ಬ್ಯಾಡ ಅಂದ್ರು," ಅಂತ ಹೇಳಿದೆ. ದನಿ ನಡುಗಲಿಲ್ಲ. ಜನ ಚಪ್ಪಾಳೆ ತಟ್ಟಿದರು, ಹಿಂದಿನವರು ಕೂಗಿದರು. ಕೂತಾಗ ದೊಡ್ಡಪ್ಪ ನನ್ನ ಮುಖ ನೋಡುತ್ತಿದ್ದರು, ಅವರು ಚಪ್ಪಾಳೆ ತಟ್ಟಿರಲಿಲ್ಲ, ಕೈ ತೊಡೆಯ ಮೇಲೇ ಇತ್ತು. ನಾನು ಬೇರೆ ಕಡೆ ನೋಡಿದೆ.