ನೆಲದಡಿಯ ನಾಲ್ಕನೇ ಸದ್ದು

ಟಕ್, ಟಕ್, ಟಕ್. ಬ್ರೋಕರ್ ವಾಸಣ್ಣನ ಕೊಡೆಯ ಮರದ ಹಿಡಿ ನೆಲಕ್ಕೆ ಬಡಿದ ಆ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅದರ ನಂತರ ಕೇಳಿಸಿದ್ದನ್ನು ಹೇಳಿದರೆ ನೀವು ನಗಬಹುದು. ಮೊದಲಾಗಿದ್ದರೆ ನಾನೂ ನಗುತ್ತಿದ್ದೆ. ಕಾನ್ವೆಂಟಿನಲ್ಲಿ ಕಲಿತು, ಆಯುಷ್ಯವೆಲ್ಲ ಮಕ್ಕಳಿಗೆ ಸೈನ್ಸ್ ಕಲಿಸಿದವಳು ನಾನು. ಇಂಥ ಕತೆಗಳೆಲ್ಲ ನನಗೆ ಶುದ್ಧ ನಾನ್‌ಸೆನ್ಸ್.

ರಿಟೈರ್ ಆದ ಮೇಲೆ ಪುತ್ತೂರಿನಲ್ಲಿ ಒಂದು ಹಳೆಯ ಮನೆ ಕೊಳ್ಳಲು ಹೊರಟಿದ್ದೆ. ಸ್ಟ್ರೋಕ್ ಆಗಿ ಮಲಗಿದಲ್ಲೇ ಇದ್ದ ನನ್ನ ಅಕ್ಕನಿಗೆ ಗಾಳಿ ಬೆಳಕಿನ ಕೋಣೆ ಬೇಕಿತ್ತು. ಗುಡ್ಡದ ಬುಡದ ಆ ಮನೆಯಲ್ಲಿ ಅಂಥದ್ದೊಂದಿತ್ತು. ಮಂಚ ಎಲ್ಲಿ ಹಾಕುವುದೆಂದು ಗುರುತನ್ನೂ ಮಾಡಿದ್ದೆ. ಎಂಜಿನಿಯರ್ ಬಂದು ನೋಡಿ, ನೆಲದಲ್ಲಿ ಸಣ್ಣ ಕ್ರ್ಯಾಕ್ ಮಾತ್ರ, ನಥಿಂಗ್ ಸೀರಿಯಸ್ ಎಂದಿದ್ದರು. ಬೇರೆ ಬ್ರೋಕರ್ ಆಗಿದ್ದರೆ ಬಿರುಕಿಗೆ ಸಿಮೆಂಟ್ ತುಂಬಿಸಿ ಅಗ್ರಿಮೆಂಟ್ ಮಾಡಿಸುತ್ತಿದ್ದರೋ ಏನೋ. ವಾಸಣ್ಣನ ಕ್ರಮ ಬೇರೆ. ಯಾರು ಏನೇ ಬರೆದುಕೊಡಲಿ, ಒಮ್ಮೆ ಕೋಣೆ ಕೋಣೆಯನ್ನೂ ಬಡಿದು ನೋಡದೆ ಅವರು ಬೀಗದ ಕೈ ಕೊಡುವವರಲ್ಲ.

ನಡು ಮಧ್ಯಾಹ್ನ. ಮನೆಯಲ್ಲಿ ನಾವು ಮೂವರೇ: ವಾಸಣ್ಣ, ಮನೆಯ ಯಜಮಾನರು, ನಾನು. ಅಕ್ಕನಿಗೆಂದು ನೋಡಿಟ್ಟ ಕೋಣೆಯಲ್ಲಿ ವಾಸಣ್ಣ ಮೂರು ಸಲ ಬಡಿದರು. ಕೆಳಗಿನಿಂದ ಮೂರು ಸಲ ಉತ್ತರ ಬಂತು. ಎಕೋ ಅಂದುಕೊಂಡೆ. ಆಮೇಲೆ, ಒಬ್ಬರು ಉಸಿರೆಳೆದುಕೊಳ್ಳುವಷ್ಟು ಹೊತ್ತು ಬಿಟ್ಟು, ನಾಲ್ಕನೆಯದು ಬಂತು. ನನ್ನ ಅಂಗಾಲಿಗೇ ತಾಗುವ ಹಾಗೆ.

"ಕೇಳಿತಾ ಟೀಚರ್?" ವಾಸಣ್ಣ ಎರಡು ಹೆಜ್ಜೆ ಹಿಂದೆ ಸರಿದರು. "ಇಲ್ಲಿ ಅಕ್ಕನ ಮಂಚ ಬೇಡ. ಒಡೆದು ನೋಡುವ."

ಯಜಮಾನರು ರೇಗಿದರು. "ಎಂತ ಮಾರಾಯ್ರೆ, ನೀವು ಬ್ರೋಕರಾ, ಮೈಮೇಲೆ ದೈವ ಬರುವ ದರ್ಶನದ ಪಾತ್ರಿಯಾ? ನಂಗೆ ಎಂತದೂ ಕೇಳ್ಲಿಲ್ಲ."

"ನೆಲ ಗಟ್ಟಿ ಉಂಟಾದ್ರೆ ಹೊಸ ಟೈಲ್ಸ್ ನಾನೇ ಹಾಕಿಸಿ ಕೊಡ್ತೇನೆ. ಒಡೀಲಿಕ್ಕೆ ಬಿಡದಿದ್ರೆ ಈ ಮನೆ ಟೀಚರಿಗೆ ಕೊಡಿಸುದಿಲ್ಲ."

ಮರುದಿನ ಬೆಳಿಗ್ಗೆ ಕೆಲಸದವರು ಟೈಲ್ಸ್ ಕಿತ್ತು ಹಾರೆ ಹಾಕಿದರು. ಎರಡನೇ ಪೆಟ್ಟಿಗೆ ಹಾರೆ ಕೈಜಾರಿ ಕೆಳಗೆ ಹೋಯಿತು. ಅದು ನೀರಿಗೆ ಬಿದ್ದದ್ದು ಕೇಳಿಸಿತು. ಹಿಂದಿನವರು ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡವಾಗಿ ಕೊರೆದಿದ್ದ ಸುರಂಗ. ಬೋರ್‌ವೆಲ್ ಬಂದ ಮೇಲೆ ಅದರ ಬಾಯಿ ಮುಚ್ಚಿ, ಮರೆತು, ಮೇಲೆಯೇ ಕೋಣೆ ಕಟ್ಟಿದ್ದರು. ನಾನು ಮಂಚಕ್ಕೆ ಗುರುತು ಮಾಡಿದ್ದ ಜಾಗದಲ್ಲಿ ಸಿಮೆಂಟಿನ ಕೆಳಗೆ ಮಣ್ಣೇ ಇರಲಿಲ್ಲ. ಟಾರ್ಚ್ ಹಾಕಿ ನೋಡಿದೆವು. ಒಳಗೆ ನೀರು ಬಿಟ್ಟರೆ ಏನೂ ಇಲ್ಲ.

ಟೊಳ್ಳು ನೆಲ ಸದ್ದು ಮಾಡುತ್ತದೆ, ಒಪ್ಪಿದೆ. ಆದರೆ ಮೂರು ಪೆಟ್ಟಿಗೆ ನಾಲ್ಕು ಎಕೋ ಬರುವುದಿಲ್ಲ. ಆ ನಾಲ್ಕನೆಯದು ಯಾರದು, ಯಾತರದು, ನನಗೆ ಇವತ್ತಿಗೂ ತಿಳಿದಿಲ್ಲ. ಏನೇ ಆಗಿರಲಿ, ಅಕ್ಕನಿಗೆ ಗಂಜಿ ಕುಡಿಸುವಾಗಲೆಲ್ಲ ಅದಕ್ಕೂ ವಾಸಣ್ಣನಿಗೂ ಮನಸ್ಸಿನಲ್ಲೇ ಥ್ಯಾಂಕ್ಸ್ ಹೇಳುತ್ತೇನೆ.

ಆಮೇಲೆ ಅವರು ಪುತ್ತೂರಿನ ಹತ್ತಿರದ ಸವಣೂರಿನಲ್ಲಿ ನಮಗೆ ಬೇರೊಂದು ಮನೆ ಕೊಡಿಸಿದರು. ಕೊನೆಯ ಸಲ ಅವರನ್ನು ನೋಡಿದ್ದು ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ. ಅವತ್ತು ಆ ಸದ್ದಿನ ಬಗ್ಗೆ ಕೇಳಿಯೇಬಿಟ್ಟೆ.

"ಅದೆಲ್ಲ ಬಿಡಿ ಟೀಚರ್. ಅಕ್ಕ ಹೇಗಿದ್ದಾರೆ?"

"ಗಂಜಿಗೆ ಉಪ್ಪು ಕಮ್ಮಿ ಅಂತ ದಿನಾ ಬೈತಾಳೆ."

"ಬೈಲಿಕ್ಕೆ ಇದ್ದಾರಲ್ಲ, ಅಷ್ಟು ಸಾಕು" ಎಂದು ನಕ್ಕು, ಕಡಬದ ಬಸ್ಸು ಹತ್ತಿ, ಕಿಟಕಿಯಿಂದ ಕೈ ಎತ್ತಿದರು.