ಹನ್ನೊಂದು, ಹನ್ನೊಂದು ಮತ್ತು ನಮ್ಮ ಅತ್ತಿಗೆ

ನಮ್ಮ ಅತ್ತಿಗೆ ಚುನಾವಣೆಗೆ ನಿಂತದ್ದು ಸಿಟ್ಟಿನಿಂದ. ಸಮಾಜಸೇವೆ ಗಿಮಾಜಸೇವೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮಾರುಕಟ್ಟೆ ಬೀದಿಯಲ್ಲಿ ನಮ್ಮದು ಹೊಲಿಗೆ ಅಂಗಡಿ. ಅವಳು ಕತ್ತರಿಸಿ ಹೊಲಿಯುತ್ತಾಳೆ, ನಾನು ಕಾಜ, ಗುಂಡಿ ನೋಡಿಕೊಳ್ಳುತ್ತೇನೆ. ಆ ಬೀದಿಯಲ್ಲಿ ಹೆಂಗಸರಿಗೆಂದು ಇರುವ ಒಂದೇ ಶೌಚಾಲಯಕ್ಕೆ ಪುರಸಭೆಯವರು ಬೀಗ ಜಡಿದು ಆರು ವರ್ಷ. ಒಳಗೆ ಮುರಿದ ಕುರ್ಚಿಗಳನ್ನು ತುಂಬಿಟ್ಟಿದ್ದರು. ಬೆಳಿಗ್ಗೆಯಿಂದ ಸಂಜೆಯವರೆಗೆ ನಾವೆಲ್ಲ ನೀರು ಕುಡಿಯದೆ ಹಲ್ಲು ಕಚ್ಚಿ ಕೂರುತ್ತಿದ್ದೆವು. ಕೊನೆಗೆ ನನಗೆ ಮೂತ್ರದ ಸೋಂಕಾಗಿ, ಜ್ವರ ಏರಿ, ಒಂದು ವಾರ ಆಸ್ಪತ್ರೆಯಲ್ಲಿ ಬಿದ್ದಿದ್ದೆ. ಅತ್ತಿಗೆ ಮಂಚದ ಪಕ್ಕ ಕೂತು ಅತ್ತಳು, ಮೂಗು ಒರೆಸಿಕೊಂಡಳು, ನೆಟ್ಟಗೆ ಹೋಗಿ ನಾಮಪತ್ರ ಸಲ್ಲಿಸಿ ಬಂದಳು.

"ನಿನಗ್ಯಾಕೆ ಬೇಕಿತ್ತೇ ಈ ಉಸಾಬರಿ?" ಎಂದ ಅಣ್ಣ.

"ನಿಮ್ಮ ಗಂಡಸರಿಗೆ ಬೀದಿ ಗೋಡೆ ಇದೆ, ಅದಕ್ಕೇ ಹಂಗೆ ಕೇಳ್ತೀರಿ."



ಅವಳು ಗೆದ್ದಳು. ಇಪ್ಪತ್ತಮೂರು ಸ್ಥಾನಗಳಲ್ಲಿ ಸಿಮೆಂಟ್ ಅಂಗಡಿ ಯಜಮಾನರ ಬಣಕ್ಕೆ ಹನ್ನೊಂದು, ಬಸ್ ಮಾಲೀಕರ ಬಣಕ್ಕೆ ಹನ್ನೊಂದು. ಯಾರಿಗೂ ಬಹುಮತವಿಲ್ಲ, ನಡುವೆ ನಮ್ಮ ಅತ್ತಿಗೆಯೊಬ್ಬಳು! ಅಲ್ಲಿಯವರೆಗೆ ನಮ್ಮ ಅಂಗಡಿಯತ್ತ ತಿರುಗಿಯೂ ನೋಡದ ದೊಡ್ಡ ಮನುಷ್ಯರು ಈಗ ಅಲ್ಲಿದ್ದ ಒಂದೇ ಮುರುಕಲು ಸ್ಟೂಲಿನ ಮೇಲೆ ಕೂರಲು ಪೈಪೋಟಿಗೆ ಬಿದ್ದರು.

"ಉಪಾಧ್ಯಕ್ಷೆ ಮಾಡ್ತೀವಿ, ತಾಯಿ," ಎಂದರು ಸಿಮೆಂಟ್ ಯಜಮಾನರು.

"ಅಕ್ಕಾ, ಅರ್ಧ ಅವಧಿಗೆ ಅಧ್ಯಕ್ಷರ ಕುರ್ಚೀನೇ ನಿಮಗೆ," ಎಂದರು ಬಸ್ ಮಾಲೀಕರು.

"ಕುರ್ಚಿ ಶೌಚಾಲಯದಲ್ಲಿ ಬೇಕಾದಷ್ಟಿವೆ. ಮೊದ್ಲು ಅವನ್ನ ತೆಗೆಸಿ."

ಅಧಿಕಾರ ಬಂದ ಮರುದಿನವೇ ತೆಗೆಸುತ್ತೇವೆ ಎಂದು ಇಬ್ಬರೂ ಆಣೆ ಹಾಕಿದರು. ಅವರಿಗೆ ನಮ್ಮ ಅಂಗಡಿಯ ಪದ್ಧತಿ ಗೊತ್ತಿರಲಿಲ್ಲ. ಬಟ್ಟೆಗೆ ಮೊದಲು ಕೈಯಲ್ಲಿ ಸಡಿಲವಾಗಿ ದಾರ ಓಡಿಸುತ್ತೇವೆ; ಗಿರಾಕಿ ಅದನ್ನು ತೊಟ್ಟು, ಕೈ ಎತ್ತಿ, ಬಗ್ಗಿ ನೋಡಬೇಕು. ಸರಿ ಅಂದಮೇಲೆಯೇ ಮೆಷಿನ್ನಿಗೆ.

"ಮೊದ್ಲು ಟ್ರಯಲ್, ಆಮೇಲೆ ಹೊಲಿಗೆ," ಎಂದಳು ಅತ್ತಿಗೆ.

ಅಧ್ಯಕ್ಷರ ಆಯ್ಕೆಯ ದಿನ ಬೆಳಿಗ್ಗೆ ಹೋಗಿ ನೋಡಿದರೆ ಶೌಚಾಲಯದ ಬಾಗಿಲಿಗೆ ಹೊಸ ಬಣ್ಣ. ಎಡ ಕದ ನೀಲಿ, ಬಲ ಕದ ಹಳದಿ: ಎರಡೂ ಬಣದವರು ತಂತಮ್ಮ ಬಣ್ಣ ಬಳಿದು ಹೋಗಿದ್ದರು. ಬೀಗ ಮಾತ್ರ ಇದ್ದಲ್ಲೇ ಇತ್ತು. ಬಣ್ಣ ಬೀಗದ ಕಂಡಿಗೂ ಇಳಿದು ಕೀಲಿ ಒಳಗೆ ಹೋಗುವಂತಿರಲಿಲ್ಲ. ನನ್ನ ಮೈಯೆಲ್ಲ ಉರಿದುಹೋಯಿತು.

ಸಭೆಯಲ್ಲಿ ಅತ್ತ ಹನ್ನೊಂದು ಕೈ ಎದ್ದವು, ಇತ್ತ ಹನ್ನೊಂದು. ಅತ್ತಿಗೆ ಕೈಕಟ್ಟಿ ಕೂತಳು. ಹೀಗಾದರೆ ಚೀಟಿ ಎತ್ತಬೇಕಾಗುತ್ತದೆ ಎಂದು ಅಧಿಕಾರಿ ಹೇಳಿ ಒಂದು ಗಂಟೆ ಬಿಡುವು ಕೊಟ್ಟರು. ಚೀಟಿ ಎಂದೊಡನೆ ಇಬ್ಬರು ನಾಯಕರ ಮುಖವೂ ಕಪ್ಪಿಟ್ಟಿತು.

ಆಮೇಲೆ ನೋಡಬೇಕಿತ್ತು ಅವರ ಓಟ! ಬಸ್ ಮಾಲೀಕರು ಗ್ಯಾರೇಜಿನಿಂದ ಸುತ್ತಿಗೆ ತರಿಸಿ ಬೀಗ ಒಡೆಸಿದರು. ಸಿಮೆಂಟ್ ಯಜಮಾನರು ಅಂಗಿಯ ತೋಳು ಮಡಚಿ ತಾವೇ ಕುರ್ಚಿ ಹೊತ್ತರು. ತರಕಾರಿ ಮಾರುವ ಹೆಂಗಸರು ಬುಟ್ಟಿ ಬಿಟ್ಟು ಬಂದು ನಕ್ಕಿದ್ದೇ ನಕ್ಕಿದ್ದು. ಬಸ್ಸಿನ ಮೆಕ್ಯಾನಿಕ್ ಪೈಪು ಬಿಚ್ಚಿ ತುಕ್ಕು ಕೆರೆದು ನೀರು ಬರಿಸಿದ.

"ಹೋಗಮ್ಮ, ಮೊದ್ಲು ನೀನು," ಎಂದು ಅತ್ತಿಗೆ ನನ್ನ ಬೆನ್ನು ತಟ್ಟಿದಳು.

ಒಳಗೆ ಹೋಗಿ ಚಿಲಕ ಹಾಕಿಕೊಂಡೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಅಳು ಉಕ್ಕಿಬಂತು. ಸಾವಕಾಶವಾಗಿ ಮುಖ ತೊಳೆದುಕೊಂಡು ಹೊರಬಂದು ಸರಿಯಿದೆ ಎಂದು ತಲೆಯಾಡಿಸಿದೆ.

ಮತ್ತೆ ಸಭೆ ಸೇರಿದಾಗ, ನೀರು ಬರಿಸಿದವರೆಂದು ಅತ್ತಿಗೆ ಬಸ್ ಮಾಲೀಕರ ಪರವಾಗಿ ಕೈ ಎತ್ತಿದಳು. ಅಧ್ಯಕ್ಷರಾದವರು ಹಲ್ಲು ಕಿರಿಯುತ್ತ ಬಂದರು.

"ಇನ್ಮೇಲೆ ನೀವು ನಮ್ಮೋರು, ಅಕ್ಕಾ."

"ನಾನು ಯಾರೋಳೂ ಅಲ್ಲ. ಮುಂದಿನ ತಿಂಗಳು ಬಜೆಟ್ ಸಭೆ ಇದೆಯಲ್ಲ? ಅವತ್ತು ಬೆಳಿಗ್ಗೆ ನನ್ನ ನಾದಿನಿ ಶೌಚಾಲಯಕ್ಕೆ ಹೋಗ್ತಾಳೆ. ಬಾಗಿಲಿಗೆ ಬೀಗ ಕಂಡ್ರೆ, ನನ್ನ ಕೈ ಆ ಕಡೆ."